ಮೆಲುಕು ನಿಲ್ಲಿಸಿದ ಹಸು, ಗೂಡು ಕಟ್ಟದ ಇಲಿ

ತೇನಿಯಿಂದ ಕಂಬಂ ಕಡೆಗೆ ಹೊರಟರೆ ನಡುದಾರಿಯಲ್ಲಿ ಸಿಗುವ ಊರು ಚಿನ್ನಮನೂರು. ಮುಲ್ಲೈಪ್ಪೆರಿಯಾರ್ ನೀರುಂಡ ಗದ್ದೆ, ದ್ರಾಕ್ಷಿ ಚಪ್ಪರ, ಬಾಳೆತೋಟ. ಮೇಘಮಲೈಗೆ ಹತ್ತುವ ದಾರಿಯೂ ಇಲ್ಲಿಂದಲೇ. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕಪ್ಪಿಲಿಯ ಒಕ್ಕಲಿಗರಿದ್ದಾರೆ. ಕಂಬಂನ ನಂದಗೋಪಾಲನ ಗುಡಿಯಲ್ಲಿ ಅವರಿಗೆ ದನವೇ ದೇವರು. ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್ ದಿನ ಜನ ಬಂದು ಅಲ್ಲಿನ ‘ತಂಬಿರಾನ್ ಮಾಡು’ ಎಂಬ ದನಗಳಿಗೆ ಕೈಮುಗಿಯುತ್ತಾರೆ.

ಬೆಟ್ಟದಲ್ಲಿ ಮೇಯುವ ‘ಮಲೈಮಾಡು’ ದನಗಳನ್ನು ಕಾಯುವವರಿಗೆ, ಹಿಂಡಿನಲ್ಲಿ ಯಾವುದಕ್ಕೆ ನೋವಾಗಿದೆ ಎಂದು ತಿಳಿಯುವುದು ಹೊಟ್ಟೆಪಾಡಿನ ವಿದ್ಯೆ. ಹಸು ಬಾಯಿಬಿಟ್ಟು ಹೇಳುವುದಿಲ್ಲ. ಬೇಟೆಗೆ ಬೀಳುವ ಪ್ರಾಣಿಗಳು ನೋವನ್ನು ಆದಷ್ಟೂ ಬಚ್ಚಿಡುತ್ತವೆ; ಕುಂಟುವ ದನ ಮೊದಲು ಹುಲಿಯ ಕಣ್ಣಿಗೆ ಬೀಳುತ್ತದಲ್ಲ! ಆದ್ದರಿಂದ ಪಳಗಿದ ಕಣ್ಣು ನಿಂತುಹೋದ ಕೆಲಸವನ್ನು ಹುಡುಕುತ್ತದೆ. ಮೆಲುಕು ಹಾಕದೆ ಮಲಗಿದ್ದು ಯಾವುದು, ಇಳಿಜಾರಿನಲ್ಲಿ ಹಿಂದೆ ಬಿದ್ದದ್ದು ಯಾವುದು, ಮೈಮೇಲೆ ಕೂತ ನೊಣವನ್ನೂ ಓಡಿಸದೆ ಸುಮ್ಮನಿರುವುದು ಯಾವುದು?

ನೋವಿನ ಮದ್ದು ಹುಡುಕುವ ಪ್ರಯೋಗಶಾಲೆಗಳು ಇದೇ ಪ್ರಶ್ನೆಗೆ ಬಂದು ಸೇರಿದ್ದು ಮಾತ್ರ ಬಹಳ ಸುತ್ತು ಬಳಸಿ.

19ನೇ ಶತಮಾನದ ಕೊನೆಯಲ್ಲಿ ಮಾಕ್ಸ್ ಫಾನ್ ಫ್ರೈ ಎಂಬ ಶರೀರಕ್ರಿಯಾ ವಿಜ್ಞಾನಿ ಕಡ್ಡಿಯ ತುದಿಗೆ ಕೂದಲು ಅಂಟಿಸಿ ಮನುಷ್ಯರ ಚರ್ಮಕ್ಕೆ ಒತ್ತಿ ನೋಡಿದ. ಕೂದಲು ಒಮ್ಮೆ ಬಾಗಿತೆಂದರೆ ಕೈ ಎಷ್ಟೇ ಒತ್ತಿದರೂ ಚರ್ಮದ ಮೇಲಿನ ಬಲ ಅಷ್ಟಾಗಿ ಏರದು. ಬೇರೆ ಬೇರೆ ದಪ್ಪದ ಕೂದಲುಗಳಿದ್ದರೆ ಅದೇ ಒಂದು ತಕ್ಕಡಿ! ಇಂದು ಕೂದಲಿನ ಜಾಗಕ್ಕೆ ನೈಲಾನ್ ಎಳೆ ಬಂದಿದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಡಾಕ್ಟರು ಒತ್ತುವ 10 ಗ್ರಾಂ ಎಳೆ ಅದರದೇ ವಂಶ. ನಾವು ಕಣ್ಣು ಮುಚ್ಚಿ ‘ಹ್ಞೂಂ, ತಾಗಿತು’ ಎನ್ನುತ್ತೇವೆ. ತಂತಿಬಲೆಯ ಮೇಲೆ ನಿಂತ ಇಲಿಯ ಪಾದಕ್ಕೆ ಕೆಳಗಿನಿಂದ ಒತ್ತಿದಾಗ ಅದು ಕಾಲು ಎಳೆದುಕೊಳ್ಳುತ್ತದೆ, ಅಷ್ಟೆ. ಆ ಎಳೆತವನ್ನೇ ನೋವು ಎಂದು ಬರೆದುಕೊಳ್ಳುವ ರೂಢಿ ಬೆಳೆಯಿತು.

ಬಾಲಕ್ಕೆ ಬಿಸಿ ಬೆಳಕು ಬಿಟ್ಟು, ಅದನ್ನು ಸರಿಸಲು ಇಲಿ ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂದು ಎಣಿಸುವ ಪರೀಕ್ಷೆ 1941ರದು. ಬಿಸಿ ತಟ್ಟೆಯ ಪರೀಕ್ಷೆ 1944ರದು. ಸುಟ್ಟಗಾಯ ಆಗದಂತೆ ಇಂತಿಷ್ಟು ಸೆಕೆಂಡಿಗೆ ನಿಲ್ಲಿಸಬೇಕೆಂಬ ಮಿತಿ ಇದೆ. ಮಾರ್ಫೀನ್ ಕೊಟ್ಟರೆ ಬಾಲ ಸರಿಯುವುದು ತಡವಾಗುತ್ತದೆ, ಲೆಕ್ಕ ಸರಿಹೊಂದುತ್ತದೆ. ಆದರೆ ಬೆನ್ನುಹುರಿಗೂ ಮಿದುಳಿಗೂ ಸಂಬಂಧ ಕಡಿದ ಇಲಿಯೂ ಬಾಲ ಸರಿಸುತ್ತದೆ. ಮಿದುಳಿಗೆ ಸುದ್ದಿಯೇ ಮುಟ್ಟದ ಮೇಲೆ ಅದನ್ನು ನೋವು ಎನ್ನುವುದು ಹೇಗೆ? ನೋವು ಎಂದರೆ ಅನುಭವ. ಬಾಲದ ಜಿಗಿತ ಬರಿಯ ಪ್ರತಿವರ್ತನೆ.

ಇನ್ನೊಂದು ತೊಡಕು ಇದಕ್ಕಿಂತ ನವಿರು. ಇಲಿ ಕಾಲು ಎಳೆಯಲಿಲ್ಲ ಎಂದರೆ ನೋವು ಹೋಗಿದೆ ಎಂದೇ ಆಗಬೇಕಿಲ್ಲ. ಮದ್ದಿನ ಮಂಪರಿನಲ್ಲಿ ಕಾಲು ಎಳೆಯಲು ಆಗದೆಯೂ ಇರಬಹುದು. ನಿದ್ದೆ ಮದ್ದು ಹೀಗೆ ನೋವಿನ ಮದ್ದಿನ ವೇಷ ಹಾಕುತ್ತದೆ. ಇದನ್ನು ಹಿಡಿಯಲು ಓಡಾಟವನ್ನೂ ಅಳೆಯಬೇಕಾಯಿತು. 1957ರಲ್ಲಿ ಬಂದ ರೋಟರಾಡ್ ಅಂದರೆ ಸುಮ್ಮನೆ ತಿರುಗುವ ದಿಂಡು; ಅದರ ಮೇಲೆ ಇಲಿ ಎಷ್ಟು ಹೊತ್ತು ಬೀಳದೆ ನಡೆಯುತ್ತದೆ ಎಂದು ಗಡಿಯಾರ ನೋಡುವುದು. ಪಾದಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ನಡೆಸಿ ಹೆಜ್ಜೆಗುರುತು ಅಳೆಯುವುದೂ ಇತ್ತು. ಈಗ ಬೆಳಕು ಹಾಯಿಸಿದ ಗಾಜಿನ ಹಾದಿಯ ಕೆಳಗೆ ಕ್ಯಾಮೆರಾ ಇಟ್ಟು, ಯಾವ ಪಾದ ಎಷ್ಟು ಹೊತ್ತು ನೆಲ ಮುಟ್ಟಿತು ಎಂದು ಲೆಕ್ಕ ಹಾಕುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಮ್ಮೆ ಪೆಟ್ಟು ಬಿತ್ತು. ‘ಸಬ್‌ಸ್ಟೆನ್ಸ್ ಪಿ’ ಎಂಬ ನರರಾಸಾಯನಿಕದ ಗ್ರಾಹಿಯನ್ನು ತಡೆಯುವ ಮದ್ದುಗಳು ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿ, ಮನುಷ್ಯರ ನೋವಿನ ಮುಂದೆ ಸೋತವು. ಅವುಗಳಲ್ಲಿ ಅಪ್ರೆಪಿಟೆಂಟ್ 2003ರಲ್ಲಿ ಬೇರೆ ಕೆಲಸ ಹಿಡಿಯಿತು: ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯುವುದು. ಪ್ರಾಣಿಗಳಿಗೆ ನೋವು ಕೊಟ್ಟು ನೋವು ಅಳೆಯುವ ಕೆಲಸವಿದು. ಸುಲಭವಾಗಿ ಒಪ್ಪಿಕೊಳ್ಳಲು ನನಗಂತೂ ಆಗದು. ಅಳತೆಯೇ ತಪ್ಪಿದರೆ ಆ ಪ್ರಾಣಿಗಳು ಪಟ್ಟ ಪಾಡು ಪೂರ್ತಿ ದಂಡ.

ಹಾಗಾಗಿ ಪ್ರಶ್ನೆ ತಿರುಗಿಬಿತ್ತು. ನೋವು ಇಲಿಯಿಂದ ಏನು ಮಾಡಿಸುತ್ತದೆ ಎನ್ನುವ ಬದಲು, ಏನನ್ನು ಬಿಡಿಸುತ್ತದೆ ಎಂದು ನೋಡತೊಡಗಿದರು. ಹತ್ತಿ ಕೊಟ್ಟರೆ ಆರೋಗ್ಯದ ಇಲಿ ಗೂಡು ಕಟ್ಟುತ್ತದೆ, ಜಲ್ಲಿ ತುಂಬಿದ ಕೊಳವೆ ಇಟ್ಟರೆ ತೋಡಿ ಹೊರಹಾಕುತ್ತದೆ, ಚಕ್ರ ಕಂಡರೆ ಓಡುತ್ತದೆ. ನೋವಿದ್ದರೆ ಇದೆಲ್ಲ ಕುಗ್ಗುತ್ತದೆ. ನಿಜವಾದ ಮದ್ದು ಇದನ್ನು ಮರಳಿ ತರಬೇಕು. ಮಂಪರಿನ ಮದ್ದಿಗೆ ಇಲ್ಲಿ ವೇಷ ಸಾಗದು, ತೂಕಡಿಸುವ ಇಲಿ ಗೂಡು ಕಟ್ಟುವುದಿಲ್ಲವಲ್ಲ.

ಮುಖ ಓದುವುದೂ ಬಂತು. 2010ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ತಂಡ ಇಲಿಯ ಕಣ್ಣು, ಮೂಗು, ಕೆನ್ನೆ, ಕಿವಿ, ಮೀಸೆಗಳಿಗೆ ತಲಾ 0, 1, 2 ಅಂಕ ಕೊಡುವ ಪಟ್ಟಿ ಮಾಡಿತು. ಹಸುವಿಗೆ ಅದಕ್ಕೂ ಮೊದಲೇ, 1997ರಲ್ಲಿ, ನಡಿಗೆಯ ಅಂಕ ಬಂದಿತ್ತು: 1ರಿಂದ 5. ನಿಂತಾಗ ಬೆನ್ನು ನೇರವಾಗಿದ್ದು ನಡೆದಾಗ ಮಾತ್ರ ಬಿಲ್ಲಾದರೆ 2. ಕಾಲಿನ ನೋವು ಮೊದಲು ಬೆನ್ನಿನಲ್ಲಿ ಕಾಣುತ್ತದೆ ಎನ್ನುವುದು ನನಗೆ ಹೊಸದಾಗಿತ್ತು.

ಆದರೂ ದನಗಾಹಿಯ ಕಣ್ಣನ್ನು ಹಾಗೆಯೇ ಪ್ರಯೋಗಶಾಲೆಗೆ ತರಲಾಗದು. ನಿನ್ನೆ ಜಾರಿಬಿದ್ದ ಹೋರಿ ಯಾವುದೆಂದು ಅವನಿಗೆ ಗೊತ್ತು. ಇಲ್ಲದಿದ್ದರೂ ಕುಂಟು ಅದರಲ್ಲಿಯೇ ಕಂಡೀತು. ಯಾವ ಇಲಿಗೆ ಮದ್ದು, ಯಾವುದಕ್ಕೆ ಬರೀ ಉಪ್ಪುನೀರು ಎಂಬುದನ್ನು ಅಂಕ ಕೊಡುವವರಿಂದ ಮುಚ್ಚಿಡುವುದು ಇದಕ್ಕೇ. ಅದೂ ಸಾಲದು. ಗಂಡಸೊಬ್ಬ ಹತ್ತಿರವಿದ್ದರೆ ಸಾಕು, ಅವನು ತೊಟ್ಟ ಅಂಗಿ ಇದ್ದರೂ ಸಾಕು, ಆ ವಾಸನೆಯ ಒತ್ತಡಕ್ಕೆ ಇಲಿ ನೋವು ತೋರುವುದು ಕಡಿಮೆಯಾಗುತ್ತದೆ ಎಂದು ಮೊಗಿಲ್ ತಂಡವೇ 2014ರಲ್ಲಿ ಕಂಡುಕೊಂಡಿತು. ಹೆಂಗಸರು ಬಂದರೆ ಹಾಗಾಗಲಿಲ್ಲ. ಅಂದಮೇಲೆ ಇಲಿ ಗಂಡೋ ಹೆಣ್ಣೋ ಎಂದು ಬರೆಯುವ ಹಾಳೆಯಲ್ಲಿ, ನೋಡಿದವರು ಗಂಡೋ ಹೆಣ್ಣೋ ಎಂಬುದನ್ನೂ ಬರೆಯಬೇಕಾಯಿತು.