ಗಾಳಿಯಲ್ಲಿನ ಸೂಕ್ಷ್ಮ ಕಣಗಳು: ಸಂಶೋಧನೆಯಿಂದ ತಿಳಿದುಬಂದಿರುವುದು ಮತ್ತು ಅರ್ಜಿದಾರರಿಗೆ ಸಂಬಂಧಿಸಿದ್ದು

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳಲ್ಲಿ ಗೇರುಬೀಜ ಸಂಸ್ಕರಣೆ, ಕಲ್ಲು ಪುಡಿ ಮಾಡುವುದು ಮುಂತಾದ ಘಟಕಗಳನ್ನು ಸ್ಥಾಪಿಸಲು ಇಚ್ಛಿಸುವವರು ವಾಯು ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮ, 1981ರ ಮೇರೆಗೆ ಸಮ್ಮತಿಗಾಗಿ ಅರ್ಜಿ ಸಲ್ಲಿಸುವಾಗ, ಬಳಸುವ ಇಂಧನ ಯಾವುದು, ಅದರ ಪ್ರಮಾಣವೆಷ್ಟು, ಹೊಗೆಕೊಳವೆಯ ಎತ್ತರವೆಷ್ಟು ಎಂಬ ವಿವರಗಳನ್ನು ನೀಡಬೇಕಾಗಿರುತ್ತದೆ. ಈ ಅಂಕಣಗಳನ್ನು ಕಂಡು, "ನಮ್ಮದು ಕುಂಬ್ರದಂತಹ ಊರು, ಸುತ್ತಲೂ ಅಡಿಕೆ ತೋಟ, ರಬ್ಬರ್ ಗುಡ್ಡ, ಇಲ್ಲಿ ಹೊಗೆಯ ಲೆಕ್ಕವೇಕೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರದ ಪ್ರಾಧ್ಯಾಪಕರಾದ ಎಸ್. ಕೆ. ಸತೀಶ್ ಅವರ ಸಂಶೋಧನೆಯ ಮೂಲಕ ವಿವರಿಸಲು ಇಲ್ಲಿ ಯತ್ನಿಸಲಾಗಿದೆ. ಇವರಿಗೆ 2009ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ 2018ರಲ್ಲಿ ಭೌತ ವಿಜ್ಞಾನ ವಿಭಾಗದ ಇನ್ಫೋಸಿಸ್ ಪ್ರಶಸ್ತಿಯೂ ಸಂದಿವೆ.

ಗಾಳಿಯಲ್ಲಿ ತೇಲುವ ಅತಿ ಸಣ್ಣ ಘನ ಅಥವಾ ದ್ರವ ಕಣಗಳಿಗೆ ಏರೋಸಾಲ್ ಎಂದು ಹೆಸರು. ಸಮುದ್ರದ ಉಪ್ಪು, ಮರುಭೂಮಿಯ ಧೂಳು, ಗಂಧಕದ ಇಂಧನದಿಂದ ಉಂಟಾಗುವ ಸಲ್ಫೇಟ್, ಸೌದೆ ಹಾಗೂ ಡೀಸೆಲ್ ಹೊಗೆಯಲ್ಲಿನ ಮಸಿ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಇವುಗಳ ಪೈಕಿ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದವುಗಳನ್ನು ಪಿ.ಎಂ. 2.5 ಎಂದು ಕರೆಯಲಾಗುತ್ತದೆ. ತಲೆಗೂದಲಿನ ದಪ್ಪ ಇದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಮೂಗಿನ ರೋಮವಾಗಲಿ ಗಂಟಲಿನ ಕಫವಾಗಲಿ ಇವುಗಳನ್ನು ಪೂರ್ತಿಯಾಗಿ ತಡೆಯಲಾರವು; ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೂ ಇವು ತಲುಪುತ್ತವೆ.

1999ರ ಜನವರಿಯಿಂದ ಮಾರ್ಚ್‌ವರೆಗೆ ಹಿಂದೂ ಮಹಾಸಾಗರದ ಮೇಲೆ ಅನೇಕ ದೇಶಗಳ ವಿಜ್ಞಾನಿಗಳು ಸೇರಿ 'ಇಂಡೋಯೆಕ್ಸ್' ಎಂಬ ಪ್ರಯೋಗವನ್ನು ಕೈಗೊಂಡರು. ಇದರ ಮುಂದಾಳುಗಳಲ್ಲೊಬ್ಬರಾದ ವಿ. ರಾಮನಾಥನ್ ಅವರೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಜನವಸತಿಯೇ ಇಲ್ಲದ ನಡುಗಡಲಿನ ಮೇಲೆ ದಟ್ಟವಾದ ಕಂದು ಮಬ್ಬು ಹರಡಿದ್ದುದು ಕಂಡುಬಂದಿತು. ಮಾಲ್ಡೀವ್ಸ್‌ನ ಕಾಶಿಧೂ ದ್ವೀಪದಲ್ಲಿನ ಅಳತೆಗಳ ಆಧಾರದ ಮೇಲೆ ಸತೀಶ್ ಮತ್ತು ಸಹೋದ್ಯೋಗಿಗಳು ಆ ಮಬ್ಬಿನ ಘಟಕಗಳನ್ನು ವಿಂಗಡಿಸಿದರು. ಬೆಳಕನ್ನು ತಡೆಯುವುದರಲ್ಲಿ ಮಸಿಯ ಪಾಲು ಶೇ. 11ರಷ್ಟು ಮಾತ್ರ. ಆದರೆ ಒಟ್ಟು ಮಬ್ಬಿನಲ್ಲಿ ಮನುಷ್ಯ ಚಟುವಟಿಕೆಯ ಪಾಲು ಶೇ. 65ರವರೆಗೂ ಇರಬಹುದೆಂದು ಅಂದಾಜಾಯಿತು.

ಈ ಶೇ. 11ರ ಮಸಿ ಮಾಡುವ ಕೆಲಸ ಮಾತ್ರ ಅದರ ಪಾಲಿಗೆ ಮೀರಿದುದು. ವಾಣಿಜ್ಯ ಶಾಸ್ತ್ರ ಓದಿದವರಿಗೆ ಇದು ಲೆಕ್ಕಪುಸ್ತಕದ ರೂಪದಲ್ಲಿ ಬೇಗ ತಿಳಿಯುತ್ತದೆ. ವಿಜ್ಞಾನಿಗಳೂ ಇದನ್ನು ವಿಕಿರಣದ ಆಯವ್ಯಯ ಎಂದೇ ಕರೆಯುತ್ತಾರೆ. ಬಿಸಿಲು ಜಮೆ, ಭೂಮಿಯಿಂದ ಆಕಾಶಕ್ಕೆ ಮರಳುವ ಶಾಖ ಹಾಗೂ ಬೆಳಕು ಖರ್ಚು. ಸಲ್ಫೇಟ್‌ನಂತಹ ಬಿಳಿ ಕಣಗಳು ಬಿಸಿಲನ್ನು ಬಹುತೇಕ ಚದರಿಸುತ್ತವೆ. ಆಗ ನೆಲಕ್ಕೆ ಕಡಿಮೆ ಬಿದ್ದ ಮೊಬಲಗು ಹೆಚ್ಚುಕಡಿಮೆ ಅಷ್ಟೇ ಆಕಾಶಕ್ಕೆ ಹಿಂದಿರುಗಿರುತ್ತದೆ. ಎರಡು ಪುಟಗಳ ಮೊತ್ತ ತಾಳೆಯಾಗುತ್ತದೆ. ಆದರೆ ಸತೀಶ್ ಮತ್ತು ರಾಮನಾಥನ್ ಅವರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಎರಡು ಪುಟಗಳು ತಾಳೆಯಾಗಲಿಲ್ಲ. ಸಮುದ್ರದ ಮೇಲ್ಮೈಗೆ ಬೀಳುವ ಬಿಸಿಲಿನಲ್ಲಿ ಆದ ಕಡಿತವು ವಾಯುಮಂಡಲದ ತುದಿಯಲ್ಲಿ ಅಳೆದ ನಷ್ಟದ ಸುಮಾರು ಮೂರು ಪಟ್ಟು ಇತ್ತು. ಅಂದರೆ ನೆಲಕ್ಕೆ ಮೂರು ರೂಪಾಯಿ ಕಡಿಮೆ ಬಂದಿದೆ, ಆಕಾಶಕ್ಕೆ ಹಿಂದಿರುಗಿರುವುದು ಒಂದೇ ರೂಪಾಯಿ. ಉಳಿದ ಎರಡು ರೂಪಾಯಿ ನಡುವಿನ ಗಾಳಿಯಲ್ಲೇ ನಿಂತಿದೆ. ಅದನ್ನು ಹಿಡಿದಿಟ್ಟುಕೊಂಡದ್ದು ಮುಖ್ಯವಾಗಿ ಮಸಿ. ಮೇಲಿನಿಂದ ಮಾತ್ರ ನೋಡಿದವರಿಗೆ ಈ ಎರಡು ರೂಪಾಯಿ ಕಾಣುವುದೇ ಇಲ್ಲ.

ಇದರ ಪರಿಣಾಮ ನಮ್ಮ ಮಳೆಗೆ ಸಂಬಂಧಿಸಿದ್ದು. ಕೆಳಗೆ ಬಿಸಿಲು ಕಡಿಮೆಯಾದರೆ ಕಡಲಿನಿಂದ ಆವಿಯಾಗುವ ನೀರು ಕಡಿಮೆಯಾಗುತ್ತದೆ. ಮೇಲಿನ ಗಾಳಿ ಬಿಸಿಯಾದರೆ ಕೆಳಗಿನ ತೇವಭರಿತ ಗಾಳಿ ಮೇಲೇರಲು ಅಡ್ಡಿಯಾಗುತ್ತದೆ. ಮತ್ತೊಂದೆಡೆ, ಮುಂಗಾರಿಗೆ ಮೊದಲು ಮೇಲಿನ ಗಾಳಿ ಬಿಸಿಯಾಗುವುದು ಮಳೆಮಾರುತವನ್ನು ಉತ್ತರಕ್ಕೆ ಸೆಳೆಯಬಹುದೆಂಬ ವಾದವೂ ಇದೆ. ಈ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಇಲ್ಲಿ ಮಳೆ ತಪ್ಪಿದ ವರ್ಷವೆಲ್ಲ ಹೊಗೆಯಿಂದಲೇ ತಪ್ಪಿತೆಂದು ಹೇಳುವುದು ಸರಿಯಾಗಲಾರದು.

ಮಸಿ ಯಾವ ಎತ್ತರದಲ್ಲಿದೆ ಎಂಬುದೂ ಮುಖ್ಯ. ಬಿಳಿ ಮೋಡದ ಮೇಲ್ಗಡೆ ಮಸಿಯಿದ್ದರೆ ಮೇಲಿನಿಂದ ಬರುವ ಬಿಸಿಲನ್ನಲ್ಲದೆ ಮೋಡದಿಂದ ಮರಳುವ ಬೆಳಕನ್ನೂ ಅದು ಹೀರುತ್ತದೆ. 2006ರ ಮಾರ್ಚ್‌ನಿಂದ ಮೇ ವರೆಗೆ ಇಸ್ರೋ ಆಶ್ರಯದಲ್ಲಿ ನಡೆದ 'ಐಕಾರ್ಬ್' ಅಭಿಯಾನದಲ್ಲಿ ನೆಲ, ಹಡಗು ಮತ್ತು ವಿಮಾನ ಮೂರರಿಂದಲೂ ಅಳತೆ ಮಾಡಲಾಯಿತು. 2010ರ ಮಾರ್ಚ್‌ನಲ್ಲಿ ಹೈದರಾಬಾದ್‌ನಿಂದ ಹಾರಿಬಿಟ್ಟ ಬಲೂನಿನಲ್ಲಿದ್ದ ಉಪಕರಣವು ಸುಮಾರು 4.5 ಕಿ.ಮೀ. ಎತ್ತರದಲ್ಲೂ 8 ಕಿ.ಮೀ.ಗಿಂತ ಮೇಲೂ ಮಸಿಯ ದಟ್ಟ ಪದರಗಳನ್ನು ದಾಖಲಿಸಿತು. ಮಸಿ ತಾನು ಬಿಸಿಯಾಗಿ ಸುತ್ತಲಿನ ಗಾಳಿಯನ್ನೂ ಬಿಸಿ ಮಾಡಿ, ಆ ಗಾಳಿಯೊಡನೆ ತಾನೂ ಮೇಲೇರುತ್ತದೆ ಎಂಬುದು ಇದಕ್ಕೆ ಕೊಡಲಾದ ವಿವರಣೆ. ಅತಿ ಎತ್ತರದ ಪದರಕ್ಕೆ ವಿಮಾನಗಳ ಹೊಗೆ ಕಾರಣವಿರಬಹುದೆಂದು 2017ರಲ್ಲಿ ಇದೇ ತಂಡದವರು ಸೂಚಿಸಿದರು. ಕೆಳಮಟ್ಟದಲ್ಲಿದ್ದರೆ ವಾರದೊಳಗೆ ಮಳೆಯಿಂದ ಅಥವಾ ತಾನಾಗಿ ಇಳಿದುಹೋಗುವ ಮಸಿ, ಮೋಡದ ಮಟ್ಟ ದಾಟಿದರೆ ಬಹುಕಾಲ ನಿಲ್ಲುತ್ತದೆ.

ಹಾಗಾದರೆ ಈ ಮಸಿ ಯಾರದು? ಮಾಲ್ಡೀವ್ಸ್‌ನ ಹನಿಮಾಧೂ ಮತ್ತು ಮಹಾರಾಷ್ಟ್ರದ ಸಿಂಹಗಡದಲ್ಲಿ ಸಂಗ್ರಹಿಸಿದ ಕಣಗಳಲ್ಲಿನ ಇಂಗಾಲದ ವಯಸ್ಸನ್ನು ಪರೀಕ್ಷಿಸಿ, 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಕಲ್ಲಿದ್ದಲು, ಡೀಸೆಲ್‌ಗಳ ಇಂಗಾಲ ಹಳೆಯದು. ಸೌದೆ, ತರಗೆಲೆ, ಸೆಗಣಿಯದು ಹೊಸದು. ಚಳಿಗಾಲದ ಇಂಗಾಲಯುಕ್ತ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಸ ಇಂಗಾಲದ್ದಾಗಿತ್ತು. ನಗರದ ವಾಹನಗಳನ್ನಷ್ಟೇ ದೂರುವವರು ಇದನ್ನು ಗಮನಿಸಬೇಕಾಗುತ್ತದೆ.

ಕುಂಬ್ರದ ಸುತ್ತಮುತ್ತ ಇದರ ಅರ್ಥವೇನು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಗಾಳಿಯನ್ನು ತೊಳೆಯುತ್ತಲೇ ಇರುತ್ತದೆ. ತೊಂದರೆ ಇರುವುದು ಅಡಿಕೆ ಅಂಗಳಕ್ಕೆ ಬರುವ ತಿಂಗಳುಗಳಲ್ಲಿ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುವುದರಿಂದ ತಣ್ಣನೆಯ ಗಾಳಿ ತಗ್ಗಿನಲ್ಲಿ ಮಡುಗಟ್ಟಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬಚ್ಚಲೊಲೆಯ ಹೊಗೆ, ರಬ್ಬರ್ ಹಾಳೆಯ ಹೊಗೆಗೂಡಿನ ಹೊಗೆ, ಗುಡ್ಡದ ತರಗೆಲೆ ಸುಟ್ಟ ಹೊಗೆ ಎಲ್ಲವೂ ಬಿಸಿಲೇರುವವರೆಗೆ ಆ ಮುಚ್ಚಳದ ಕೆಳಗೇ ಉಳಿಯುತ್ತವೆ. ಮಾಣಿ–ಮೈಸೂರು ಹೆದ್ದಾರಿಯ ಡೀಸೆಲ್ ಹೊಗೆಯೂ ಅದಕ್ಕೆ ಸೇರುತ್ತದೆ. ಬೆಳಗಿನ ಜಾವ ತೋಟದ ಮೇಲೆ ಕಾಣುವ ನೀಲಿ ಮಬ್ಬನ್ನು ನಾವು ಮಂಜು ಎಂದೇ ಭಾವಿಸುತ್ತೇವೆ. ಮೂಗಿಗೆ ವಾಸನೆ ಬಂದರೆ ಅದು ಮಂಜಷ್ಟೇ ಅಲ್ಲ.

ಕೇಂದ್ರ ಸರ್ಕಾರದ ಅಧೀನದಲ್ಲಿ ನವೆಂಬರ್ 2009ರಲ್ಲಿ ಅಧಿಸೂಚಿಸಲಾದ ಮಾನಕಗಳಂತೆ ಪಿ.ಎಂ. 2.5ರ ಪ್ರಮಾಣವು ಘನ ಮೀಟರ್ ಗಾಳಿಯಲ್ಲಿ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ, ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಇದೇ ಅಂಕಿಗಳು ಕ್ರಮವಾಗಿ 15 ಮತ್ತು 5. ಉಪಗ್ರಹದ ಚಿತ್ರ ನೋಡಿ ತಮ್ಮ ಊರಿನ ಗಾಳಿಯನ್ನು ಅಳೆಯಲು ಹೊರಡುವವರು ಒಂದು ಮಾತು ನೆನಪಿಡಬೇಕು: ಉಪಗ್ರಹ ನೀಡುವುದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಕಂಬದ ಲೆಕ್ಕ, ಅಂಗಳದಲ್ಲಿ ಉಸಿರಾಡುವ ಗಾಳಿಯದ್ದಲ್ಲ.

ಇನ್ನು ಅರ್ಜಿಯ ಹೊಗೆಕೊಳವೆ ಅಂಕಣದ ವಿಷಯ. ಡೀಸೆಲ್ ಜನರೇಟರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವಿದೆ: ಕೆ.ವಿ.ಎ. ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿ ಬಂದಷ್ಟು ಮೀಟರನ್ನು ಕಟ್ಟಡದ ಎತ್ತರಕ್ಕೆ ಕೂಡಿಸಬೇಕು. 25 ಕೆ.ವಿ.ಎ. ಯಂತ್ರಕ್ಕೆ ಕಟ್ಟಡಕ್ಕಿಂತ 1 ಮೀಟರ್, 100 ಕೆ.ವಿ.ಎ.ಗೆ 2 ಮೀಟರ್ ಎತ್ತರ ಬೇಕಾಗುತ್ತದೆ. ಎತ್ತರದ ಕೊಳವೆ ಹೊಗೆಯನ್ನು ಚದರಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ನೆರೆಮನೆಯವರು ಪಾರಾಗುತ್ತಾರೆ, ಮೇಲೆ ಹೇಳಿದ ಲೆಕ್ಕಪುಸ್ತಕ ಪಾರಾಗುವುದಿಲ್ಲ. ಹೊಗೆ ಕಡಿಮೆಯಾಗುವುದು ಇಂಧನದ ಅಂಕಣದಲ್ಲಿ. ಚೆನ್ನಾಗಿ ಒಣಗಿದ ಸೌದೆ, ಧಾರಾಳ ಗಾಳಿಯಾಡುವ ಒಲೆ ಇದ್ದಲ್ಲಿ ಮಸಿ ಕಡಿಮೆ. ಹಸಿ ಸೌದೆ ಅಥವಾ ಒದ್ದೆ ಅಡಿಕೆ ಸಿಪ್ಪೆ ಉರಿಯದೆ ಹೊಗೆಯಾಡಿದಲ್ಲಿ ಕಣಗಳು ಹೆಚ್ಚು. ಆದ್ದರಿಂದ ಅರ್ಜಿದಾರರು ಇಂಧನದ ವಿವರವನ್ನು ಅಂದಾಜಿನ ಮೇಲೆ ಬರೆಯದೆ, ವಾಸ್ತವವಾಗಿ ಬಳಸುವ ಇಂಧನದ ಬಗೆ ಹಾಗೂ ದಿನವಹಿ ಪ್ರಮಾಣವನ್ನು ನಮೂದಿಸಿ ಅರ್ಜಿ ಸಲ್ಲಿಸಲು ಕೋರಲಾಗಿದೆ.