ಲೋವರ್ ಆರ್ಮಿನ ಕೊನೆಯ ಬಿಗಿ

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿಗುವ ಸಿದ್ಧಕಟ್ಟೆಯ ಸುತ್ತಮುತ್ತ ಕಾರು ಇಟ್ಟುಕೊಂಡವರಿಗೆ ಮುಂದಿನ ಚಕ್ರದ ಕಡೆಯಿಂದ ಬರುವ ‘ಟಕ್’ ಶಬ್ದದ ಪರಿಚಯ ಬೇಗನೆ ಆಗುತ್ತದೆ. ಹಂಪು ಇಳಿಯುವಾಗ ಒಮ್ಮೆ, ತೋಟದ ಮನೆಯ ಕಡಿದಾದ ಕಾಂಕ್ರೀಟು ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಇನ್ನೊಮ್ಮೆ. ಮೆಕ್ಯಾನಿಕ್ಕು ಅಡಿಗೆ ನುಗ್ಗಿ, ಲಿವರು ಕೊಟ್ಟು ಅಲುಗಿಸಿ ನೋಡಿ, “ಲೋವರ್ ಆರ್ಮ್ ಹೋಗಿದೆ” ಎನ್ನುತ್ತಾರೆ. ಈ ಮಾತು ಅರ್ಧ ಮಾತ್ರ ಸರಿ. ತಗಡನ್ನು ಒತ್ತಿ ಬೆಸೆದು ಮಾಡಿದ ಆ ಉಕ್ಕಿನ ತೋಳು ಎಲ್ಲಾದರೂ ಬಡಿದು ಬಾಗದಿದ್ದರೆ, ತುಕ್ಕು ಆಳಕ್ಕೆ ಇಳಿಯದಿದ್ದರೆ, ಕಾರಿನಷ್ಟೇ ಕಾಲ ಬಾಳುತ್ತದೆ. ಹೋಗುವುದು ಅದರ ಒಳತುದಿಯ ರಬ್ಬರ್ ಬುಷ್‌ಗಳು, ಹೊರತುದಿಯ ಬಾಲ್ ಜಾಯಿಂಟು. ಆದ್ದರಿಂದ ಈ ಕೆಲಸವನ್ನು ಮನೆಯಂಗಳದಲ್ಲೇ ಮಾಡಬಹುದೇ ಎಂಬ ಪ್ರಶ್ನೆಯನ್ನು ರಬ್ಬರಿನ ಕಡೆಯಿಂದ ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡರೆ ಬಿಚ್ಚುವ ಶಕ್ತಿ, ಸಲಕರಣೆಗಳ ಚರ್ಚೆ ಹಿಂದೆ ಸರಿಯುತ್ತದೆ. ಕೊನೆಯಲ್ಲಿ ಬೋಲ್ಟನ್ನು ಬಿಗಿಯುವಾಗ ಗಾಡಿ ಯಾವ ಭಂಗಿಯಲ್ಲಿತ್ತು ಎಂಬುದು ಮುಂದೆ ಬರುತ್ತದೆ.

ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸುಲ್ ಕಾರಿನಲ್ಲಿ ಬಂತು. ನಮ್ಮಲ್ಲಿ ಇದನ್ನು ಮನೆಮನೆಗೆ ತಂದದ್ದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800. ಇದರಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬವಾಗಿ ನಿಂತು ಭಾರ ಹೊರುತ್ತವೆ. ಕೆಳಗಿನ ಆರ್ಮಿಗೆ ಭಾರ ಹೊರುವ ಕೆಲಸ ಹೆಚ್ಚಿಲ್ಲ. ಚಕ್ರ ಅಡ್ಡಡ್ಡ, ಹಿಂದುಮುಂದು ಸರಿಯದಂತೆ ಹಿಡಿದು, ಮೇಲೆ ಕೆಳಗೆ ಮಾತ್ರ ಆಡಲು ಬಿಡುವುದು ಅದರ ಕೆಲಸ. ಆ ಆಟ ನಡೆಯುವುದು ಬುಷ್‌ನಲ್ಲಿ. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರು. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಬ್ರಾಕೆಟ್ಟಿನ ಎರಡು ಕೆನ್ನೆಗಳ ನಡುವೆ ಸಿಕ್ಕಿಬಿದ್ದು ಅಲುಗದೆ ನಿಲ್ಲುತ್ತದೆ. ಬಾಗಿಲ ಬಿಜಾಗರಿಯಲ್ಲಿ ಲೋಹ ಲೋಹದ ಮೇಲೆ ಜಾರುವಂತೆ ಇಲ್ಲಿ ಯಾವುದೂ ಜಾರುವುದಿಲ್ಲ. ಆರ್ಮ್ ಮೇಲೆದ್ದಷ್ಟೂ ರಬ್ಬರು ತಿರುಚಿಕೊಳ್ಳುತ್ತದೆ, ಇಳಿದಾಗ ಬಿಚ್ಚಿಕೊಳ್ಳುತ್ತದೆ. ಲಕ್ಷಗಟ್ಟಲೆ ಬಾರಿ ಹೀಗೆ ತಿರುಚಿದರೂ ಬಿರುಕು ಬಿಡದೆ ತಡೆಯುವ ಗುಣ ನೈಸರ್ಗಿಕ ರಬ್ಬರಿಗೆ ಇರುವುದರಿಂದಲೇ, ಬೆಳ್ತಂಗಡಿಯ ಗುಡ್ಡಗಳಲ್ಲಿ ಟ್ಯಾಪಿಂಗ್ ಮಾಡಿ ತೆಗೆಯುವ ಅದೇ ಜಾತಿಯ ಹಾಲು ಇಂಥ ಬುಷ್‌ಗಳಿಗೂ ಮೂಲ.

ಈಗ ಲೆಕ್ಕ. ಆರ್ಮಿನ ಉದ್ದ 330 ಮಿಲಿಮೀಟರ್ ಎಂದುಕೊಳ್ಳಿ. ಗಾಡಿಯನ್ನು ಜಾಕಿನಲ್ಲಿ ಎತ್ತಿದಾಗ ಚಕ್ರದ ಕಡೆಯ ತುದಿ ತನ್ನ ಮಾಮೂಲಿ ಜಾಗದಿಂದ ಸುಮಾರು 80 ಮಿಲಿಮೀಟರ್ ಕೆಳಕ್ಕೆ ಜೋಲುತ್ತದೆ ಎಂದಿರಲಿ. ಅಂದರೆ ಆರ್ಮ್ 14 ಡಿಗ್ರಿಯಷ್ಟು ಕೆಳಗೆ ವಾಲಿರುತ್ತದೆ. ಆ ಜೋಲುವ ಸ್ಥಿತಿಯಲ್ಲೇ ಬೋಲ್ಟು ಬಿಗಿದುಬಿಟ್ಟರೆ ರಬ್ಬರಿನ ಪಾಲಿಗೆ ಅದೇ ವಿಶ್ರಾಂತಿಯ ಸ್ಥಿತಿ. ಗಾಡಿಯನ್ನು ಇಳಿಸಿದ ಕ್ಷಣದಿಂದ, ಶೆಡ್ಡಿನಲ್ಲಿ ಸುಮ್ಮನೆ ನಿಂತಿರುವ ಇಡೀ ರಾತ್ರಿಯೂ, ಅದು 14 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಮೇಲೆ ಹಂಪೊಂದು ಸಿಕ್ಕಿ ಚಕ್ರ 60 ಮಿಲಿಮೀಟರ್ ಎದ್ದರೆ ಇನ್ನೂ 10 ಡಿಗ್ರಿ ಸೇರಿ ಒಟ್ಟು 24. ಅದೇ ಬೋಲ್ಟನ್ನು ಗಾಡಿ ತನ್ನ ಭಾರದಲ್ಲಿ ನಿಂತ ಎತ್ತರದಲ್ಲಿ ಬಿಗಿದಿದ್ದರೆ, ನಿಂತಾಗ ತಿರುಚು ಸೊನ್ನೆ, ಹಂಪಿನಲ್ಲಿ ಬರೀ 10. ಒಂದೇ ಅಂಗಡಿಯಿಂದ ತಂದ ಒಂದೇ ಬುಷ್ಷು ಒಬ್ಬರಲ್ಲಿ ವರ್ಷಗಟ್ಟಲೆ ಬಂದು ಇನ್ನೊಬ್ಬರಲ್ಲಿ ಬೇಗ ಹರಿಯುವುದಕ್ಕೆ ಇದು ದೊಡ್ಡ ಕಾರಣ. ‘ಈಗ ಬರುವ ಸ್ಪೇರು ಸರಿಯಿಲ್ಲ’ ಎಂದು ಬೈಸಿಕೊಳ್ಳುವ ಎಷ್ಟೋ ಸ್ಪೇರುಗಳ ತಪ್ಪು ಇಷ್ಟೇ ಇರಬಹುದು.

ಎಲ್ಲ ಬುಷ್‌ಗಳೂ ಹೀಗಿಲ್ಲ, ನಿಜ. ಕೆಲವು ಕಾರುಗಳ ಹಿಂದಿನ ಬುಷ್‌ಗೆ ಬೋಲ್ಟು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಅಲ್ಲಿ ತಿರುಚಿನ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಆದರೆ ಬೋಲ್ಟು ಅಡ್ಡ ಮಲಗಿರುವ ಕಡೆಯಲ್ಲೆಲ್ಲ ನಿಯಮ ಒಂದೇ. ಅದನ್ನು ಪಾಲಿಸುವ ದಾರಿಯೂ ಸುಲಭ. ಗಾಡಿ ಎತ್ತುವ ಮೊದಲೇ ಟೇಪು ಹಿಡಿದು ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿನವರೆಗೆ ಅಳೆದು ಬರೆದಿಡಬೇಕು. ಹೊಸ ಆರ್ಮ್ ಹಾಕಿ ಬೋಲ್ಟುಗಳನ್ನು ಕೈಬಿಗಿಗೆ ತಂದಮೇಲೆ, ಬಾಲ್ ಜಾಯಿಂಟಿನ ಹತ್ತಿರ ಜಾಕು ಕೊಟ್ಟು ಅದೇ ಅಳತೆ ಬರುವವರೆಗೆ ನಿಧಾನಕ್ಕೆ ಎತ್ತಿ, ಆಗ ಟಾರ್ಕ್ ರೆಂಚಿನಲ್ಲಿ ಕೊನೆಯ ಬಿಗಿ ಕೊಡಬೇಕು. ಎತ್ತುವಾಗ ಕಾರು ಸ್ಟ್ಯಾಂಡಿನಿಂದ ಏಳಲು ತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಚಕ್ರ ಹಾಕಿ, ಚಕ್ರಗಳ ಕೆಳಗೆ ಗಟ್ಟಿ ಹಲಗೆ ಕೊಟ್ಟು ನಿಲ್ಲಿಸಿದ ಗಾಡಿಯಲ್ಲೇ ಬಿಗಿಯುವುದು ಲೇಸು. ಬಿಗಿಯ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. 100 ನ್ಯೂಟನ್ ಮೀಟರ್ ಎಂದಿದ್ದರೆ 40 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಸುಮಾರು 25 ಕಿಲೋ ಭಾರದಷ್ಟು ಎಳೆತ, ಪೈಲ್ವಾನರ ಕೆಲಸವೇನಲ್ಲ. ಇದಕ್ಕೆ ಬೇಕಾದದ್ದು ಸಮಯ. ಲಿಫ್ಟಿನ ಮೇಲೆ ಚಕ್ರ ಜೋಲುತ್ತಿರುವಾಗಲೇ ಏರ್ ಗನ್ನಿನಲ್ಲಿ ಬಿಗಿದು ಮುಂದಿನ ಗಾಡಿಗೆ ಹೋಗುವ ಅವಸರ ಮನೆಯಂಗಳದಲ್ಲಿಲ್ಲ. ಮನೆಗೆಲಸಕ್ಕೆ ಇರುವ ನಿಜವಾದ ಅನುಕೂಲ ಇದು. ಉಳಿಯುವ ಮಜೂರಿ ಆಮೇಲಿನ ಮಾತು.

ಇದಕ್ಕೆ ಗಟ್ಟಿಯಾದ ಆಕ್ಷೇಪ ಸುರಕ್ಷತೆಯದ್ದು. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಅದರಲ್ಲೂ ಮುರಕಲ್ಲಿನ ನಾಡಿನಲ್ಲಿ. ಅಂಗಳದ ಮೂಲೆಯಲ್ಲಿ ಉಳಿದ ಮುರಕಲ್ಲುಗಳನ್ನು ಪೇರಿಸಿ ಕಾರಿಗೆ ಆಧಾರ ಕೊಡುವುದು ಇಲ್ಲಿ ಕೈಗೆ ಸುಲಭ. ‘ಮನೆಯನ್ನೇ ಹೊತ್ತ ಕಲ್ಲು ಕಾರನ್ನು ಹೊರದೇ?’ ಎಂಬ ವಾದವೂ ಸಿದ್ಧವಿರುತ್ತದೆ. ಗೋಡೆಯಲ್ಲಿ ಭಾರ ಕಲ್ಲಿನ ಇಡೀ ಮುಖಕ್ಕೆ ಹರಡುತ್ತದೆ, ಗಾರೆ ಅದನ್ನು ಸಮ ಮಾಡುತ್ತದೆ. ಕಾರಿನಡಿಯಲ್ಲಿ ಹಾಗಿಲ್ಲ. 900 ಕಿಲೋದ ಹ್ಯಾಚ್‌ಬ್ಯಾಕಿನ ಮುಂದಿನ ಒಂದು ಮೂಲೆಗೆ ಬರುವ ಭಾರ ಸುಮಾರು 270 ಕಿಲೋ, ಅಂದರೆ 2,700 ನ್ಯೂಟನ್ ಆಸುಪಾಸು. ಅದು ಕಲ್ಲಿನ ಮೇಲೆ ಕೂರುವುದು ತಗಡಿನ ಅಂಚಿನ ಮೂಲಕ. 10 ಮಿಲಿಮೀಟರ್ ಅಗಲ, 40 ಉದ್ದದ ಜಾಗ ಎಂದರೂ ಚದರ ಮಿಲಿಮೀಟರಿಗೆ 6.7 ನ್ಯೂಟನ್ ಒತ್ತಡ. ಕಟ್ಟಡದ ಮುರಕಲ್ಲಿಗೆ ಭಾರತೀಯ ಮಾನಕ ಕೇಳುವ ಕನಿಷ್ಠ ತಾಳಿಕೆ 3.5. ಸಾಲದ್ದಕ್ಕೆ ಈ ಕಲ್ಲು ಮೊದಲು ಬಾಗಿ ಎಚ್ಚರಿಸುವುದಿಲ್ಲ, ಏಕಾಏಕಿ ಪುಡಿಯಾಗುತ್ತದೆ. ಆದ್ದರಿಂದ ಉಕ್ಕಿನ ಎರಡು ಸ್ಟ್ಯಾಂಡುಗಳು, ಸಿಮೆಂಟಿನ ಗಟ್ಟಿ ಸಮತಟ್ಟು ನೆಲ, ಹಿಂದಿನ ಚಕ್ರಗಳಿಗೆ ಅಡ್ಡೆ ಇಲ್ಲದವರು ಗ್ಯಾರೇಜಿಗೇ ಹೋಗಬೇಕು. ಮಳೆಗಾಲದ ಒದ್ದೆ ಮಣ್ಣಿನಲ್ಲಿ ಜಾಕು ಹೂತು ವಾಲುವುದರಿಂದ ಆಟಿ ತಿಂಗಳಲ್ಲಂತೂ ಬಯಲಿನಲ್ಲಿ ಈ ಕೆಲಸ ಕೂಡದು. ಮ್ಯಾಕ್‌ಫರ್ಸನ್ ಗಾಡಿಗಳಲ್ಲಿ ಸ್ಪ್ರಿಂಗು ಸ್ಟ್ರಟ್ಟಿನೊಳಗೇ ಬಂಧಿ, ಆರ್ಮ್ ಬಿಚ್ಚಿದರೆ ಸಿಡಿಯದು. ಸ್ಪ್ರಿಂಗು ನೇರ ಕೆಳಗಿನ ಆರ್ಮಿನ ಮೇಲೆ ಕೂತಿರುವ ಡಬಲ್ ವಿಶ್‌ಬೋನ್ ಗಾಡಿಗಳ ಕತೆಯೇ ಬೇರೆ. ಅವುಗಳನ್ನು ಮನೆಯಲ್ಲಿ ಮುಟ್ಟಬಾರದು.

ಕರಾವಳಿಯ ಮಳೆ ಇನ್ನೊಂದು ತೊಡಕು ತರುತ್ತದೆ. ವರ್ಷಕ್ಕೆ ಮೂರೂವರೆ ಮೀಟರಿಗೂ ಮೀರಿ ಮಳೆ ಬೀಳುವ ಕಡೆ ಬೋಲ್ಟು ಬುಷ್ಷಿನ ಒಳಕೊಳವೆಗೇ ತುಕ್ಕಿನಿಂದ ಅಂಟಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡುವುದು ರೂಢಿ. ಬಿಚ್ಚಿ ಎಸೆಯುವ ಹಳೆಯ ಬುಷ್ಷಿಗೆ ಅದು ಬಿದ್ದರೆ ಚಿಂತೆಯಿಲ್ಲ, ಹೊಸದಕ್ಕೆ ತಾಗಬಾರದು. ನೈಸರ್ಗಿಕ ರಬ್ಬರು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಬಾಲ್ ಜಾಯಿಂಟನ್ನು ಅಡ್ಡ ಬೋಲ್ಟೊಂದು ಹಿಡಿದಿದ್ದರೆ ಅದನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು. ಜಾಯಿಂಟಿನ ದಂಡದಲ್ಲಿರುವ ಕಚ್ಚಿನಲ್ಲಿ ಆ ಬೋಲ್ಟು ಕೂತಿರುವುದರಿಂದ, ಅದು ಒಳಗಿದ್ದಷ್ಟು ಹೊತ್ತು ಎಷ್ಟು ಬಡಿದರೂ ದಂಡ ಇಳಿಯದು. ಅದು ಕಳಚಿದಮೇಲೆ ಚಕ್ರದ ಹಬ್ಬನ್ನು ಹೊರಕ್ಕೆ ಜಾಸ್ತಿ ಎಳೆದರೆ ಡ್ರೈವ್ ಶಾಫ್ಟಿನ ಒಳಜಾಯಿಂಟು ತಪ್ಪುತ್ತದೆ.

ಬುಷ್ ಮಾತ್ರ ಬದಲಿಸಿದರೆ ದುಡ್ಡು ಉಳಿಯುವುದಿಲ್ಲವೇ? ಉಳಿಯುತ್ತದೆ, ಪ್ರೆಸ್ಸು ಇದ್ದವರಿಗೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಆರ್ಮಿನ ಕಣ್ಣು ಸೊಟ್ಟಗಾಗುತ್ತದೆ. ಒಳಗೆ ಖಾಲಿಜಾಗ ಬಿಟ್ಟ ಬುಷ್ಷನ್ನು ಕೊಂಚ ತಿರುಗಿಸಿ ಕೂರಿಸಿದರೂ ಅದರ ಗಡಸು-ಮೆತುವಿನ ದಿಕ್ಕೇ ಬದಲಾಗುತ್ತದೆ. ಮನೆಯಲ್ಲಿ ಮಾಡುವವರಿಗೆ ಬುಷ್ಷು, ಜಾಯಿಂಟು ಸೇರಿ ಬರುವ ಇಡೀ ಆರ್ಮೇ ಸರಿ. ಕೊನೆಗೆ ಅಲೈನ್‌ಮೆಂಟಿಗೆಂದು ಮೂಡುಬಿದಿರೆಗೋ ಬಿ.ಸಿ.ರೋಡಿಗೋ ಹೋಗಲೇಬೇಕಲ್ಲ, ಹಾಗಾದರೆ ಮನೆಯಲ್ಲಿ ಮಾಡಿ ಬಂದ ಭಾಗ್ಯವೇನು ಎಂದು ಕೇಳುವವರಿದ್ದಾರೆ. ಅಲೈನ್‌ಮೆಂಟು ಯಂತ್ರ ಚಕ್ರದ ಕೋನಗಳನ್ನು ಓದುತ್ತದೆ. ಬುಷ್ಷಿನೊಳಗಿನ ರಬ್ಬರು ತಿರುಚಿಕೊಂಡಿದೆಯೇ ಎಂದು ಹೇಳುವ ಕಾಲಂ ಅದರ ಪರದೆಯಲ್ಲಿಲ್ಲ.