ನಿಮಗಿದು ಗೊತ್ತೆ? ಜೂನ್ ಚಳಿಯಲ್ಲಿ ಲಾಂದ್ರದ ಮೆರವಣಿಗೆ

ಯುರೋಪಿನ ಸ್ಟೈನರ್ ಶಿಕ್ಷಣ ಪದ್ಧತಿಯ ಶಾಲೆಗಳ ಮಕ್ಕಳು ಕೈಯಾರೆ ಮಾಡಿದ ಲಾಂದ್ರ ಹಿಡಿದು ನಡೆಯುವುದು ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಆಸುಪಾಸಿನಲ್ಲಿ. ಆಗ ಆಸ್ಟ್ರೇಲಿಯಾದಲ್ಲಿ ಬೇಸಿಗೆ ಹೊಸ್ತಿಲಲ್ಲಿರುತ್ತದೆ! ಹಾಗಾಗಿ ಅಲ್ಲಿನ ಸ್ಟೈನರ್ ಶಾಲೆಗಳಲ್ಲಿ ಈ ದೀಪದ ನಡಿಗೆ ಸಾಮಾನ್ಯವಾಗಿ ಜೂನ್‌ನ ದೀರ್ಘ ರಾತ್ರಿಗಳಲ್ಲಿ.

ಅದಕ್ಕೆ ತುಸು ಮೊದಲು, ಮೇ 27ರಿಂದ ಜೂನ್ 3ರವರೆಗೆ, ದೇಶದ ಶಾಲೆಗಳಲ್ಲಿ ಮೂಲನಿವಾಸಿಗಳೊಂದಿಗಿನ ಸಾಮರಸ್ಯ ಸಪ್ತಾಹ. ಎರಡೂ ದಿನಾಂಕಗಳ ಹಿಂದೆ ದೊಡ್ಡ ಕಥೆಯಿದೆ. ಮೂಲನಿವಾಸಿಗಳನ್ನೂ ಜನಸಂಖ್ಯೆಯ ಲೆಕ್ಕಕ್ಕೆ ಸೇರಿಸಲು 1967ರ ಮೇ 27ರ ಜನಮತದಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಒಪ್ಪಿದರು. ಬಿಳಿಯರು ಬರುವ ಮುನ್ನ ಈ ನೆಲಕ್ಕೆ ಒಡೆಯರೇ ಇರಲಿಲ್ಲ ಎಂಬ ವಾದವನ್ನು 1992ರ ಜೂನ್ 3ರಂದು, ಮಾಬೊ ಪ್ರಕರಣದಲ್ಲಿ, ಅಲ್ಲಿನ ಅತ್ಯುನ್ನತ ನ್ಯಾಯಾಲಯ ತಳ್ಳಿಹಾಕಿತು.

ಇನ್ನೊಂದು ಸೊಗಸು: ನೈಋತ್ಯ ಆಸ್ಟ್ರೇಲಿಯಾದ ನೂಂಗಾರ್ ಜನರ ವರ್ಷಕ್ಕೂ ನಮ್ಮಂತೆಯೇ ಆರು ಋತು. ಜೂನ್‌ನ ಮಳೆಚಳಿಗೆ ಅವರಿಟ್ಟ ಹೆಸರು ಮಕುರು.